ಉತ್ತರ ಕೊಡದ ಗುರುಗಳು

ಬಾಳೆಹಣ್ಣಿನ ಕಥೆ ನಿಮಗೆಲ್ಲ ಗೊತ್ತಿದೆ. ವ್ಯಾಸರಾಯರು ಶಿಷ್ಯರಿಗೆ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ಕಾಣದ ಕಡೆ ಹೋಗಿ ತಿಂದು ಬನ್ನಿ ಎಂದರು. ಒಬ್ಬ ಕದದ ಹಿಂದೆ ತಿಂದ, ಒಬ್ಬ ಮರದ ಮರೆಯಲ್ಲಿ ತಿಂದ, ಮತ್ತೊಬ್ಬ ಕಂಬಳಿ ಹೊದ್ದು ತಿಂದ. ಕನಕ ಮಾತ್ರ ಹಣ್ಣನ್ನು ಇದ್ದ ಹಾಗೆಯೇ ಹಿಂದಕ್ಕೆ ತಂದ. ದೇವರು ಕಾಣದ ಜಾಗ ತನಗೆ ಎಲ್ಲೂ ಸಿಗಲಿಲ್ಲ ಎಂದ. ಭಕ್ತಿಯ ಪಾಠವೆಂದು ನಾವು ಈ ಕಥೆಯನ್ನು ಹೇಳಿ ಮುಗಿಸುವುದು ವಾಡಿಕೆ.

ಇನ್ನೊಂದು ಬಗೆಯಲ್ಲಿ ನೋಡಿ. ಉಳಿದ ಶಿಷ್ಯರು ಗುರುವಿನ ಮಾತನ್ನು ಜಾಗ ಹುಡುಕುವ ಲೆಕ್ಕವೆಂದು ತಿಳಿದರು. ಕನಕನ ಲಕ್ಷ್ಯ ಹೋದದ್ದು ‘ಯಾರೂ’ ಎಂಬ ಒಂದು ಶಬ್ದದ ಮೇಲೆ. ‘ಯಾರೂ’ ಎಂದರೆ ಯಾರು ಯಾರು? ದೇವರು ಅದರಲ್ಲಿ ಸೇರಿದನೆ? ತಿನ್ನುವ ನಾನೇ ನೋಡುತ್ತಿರುತ್ತೇನಲ್ಲ, ನನ್ನನ್ನು ಎಲ್ಲಿಡುವುದು? ನಾವು ದಿನಕ್ಕೆ ನೂರು ಸಲ ಬಳಸುವ ಶಬ್ದವೊಂದು ಹೀಗೆ ಕೈಯಲ್ಲಿ ಹಿಡಿದು ನೋಡಬೇಕಾದ ವಸ್ತುವಾಗಿಬಿಟ್ಟಿತು. ಕಥೆ ಕೊಡುವ ಗುರುವಿನ ಹೆಸರನ್ನೂ ಗಮನಿಸಿ. ವ್ಯಾಸರಾಯರು ‘ನ್ಯಾಯಾಮೃತ’, ‘ತರ್ಕತಾಂಡವ’ಗಳನ್ನು ಬರೆದ ದೊಡ್ಡ ತಾರ್ಕಿಕರು. ಒಂದು ಶಬ್ದದ ಅರ್ಥ ಎಲ್ಲಿಂದ ಎಲ್ಲಿಯವರೆಗೆ ಎಂದು ಅಳೆಯುವುದು ಅವರ ನಿತ್ಯದ ಕೆಲಸವಾಗಿತ್ತು. ಕಥೆ ದಂತಕಥೆಯೇ ಇರಬಹುದು. ಆದರೆ ಅದನ್ನು ಕಟ್ಟಿದವರಿಗೆ ಆ ಗುರು ಎಂಥವರೆಂಬುದು ಚೆನ್ನಾಗಿ ಗೊತ್ತಿತ್ತು.

ಕನಕದಾಸರು ಹುಟ್ಟಿದ ಬಾಡ ಗ್ರಾಮ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಮೊದಲು ಧಾರವಾಡ ಜಿಲ್ಲೆಗೆ ಸೇರಿದ್ದ ಈ ಸೀಮೆ 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ಕನಕದಾಸರಿಗಿಂತ ಮುನ್ನೂರು ವರ್ಷ ಈಚೆಗೆ ಇದೇ ತಾಲ್ಲೂಕಿನ ಶಿಶುವಿನಹಾಳದಲ್ಲಿ, ನಮ್ಮೆಲ್ಲರ ಬಾಯಲ್ಲಿ ಶಿಶುನಾಳವಾದ ಊರಿನಲ್ಲಿ, ಇನ್ನೊಬ್ಬ ಶಿಷ್ಯ ಹುಟ್ಟಿದ. ಅವನ ಕಥೆಯೂ ಒಂದು ಶಬ್ದದಿಂದಲೇ ತೊಡಗುತ್ತದೆ. ಈ ಎರಡೂ ಕಥೆಗಳನ್ನು ಜೋಪಾನ ಮಾಡಿದ್ದು ಹೆಚ್ಚುಕಡಿಮೆ ಒಂದೇ ನೆಲದ ಜನ ಎಂಬುದು ನನಗೆ ಆಕಸ್ಮಿಕವೆನಿಸುವುದಿಲ್ಲ. ದೂರದರ್ಶನದ ಮಾತುಕತೆಯಲ್ಲಿ ನಮಗೆ ಸಿಗುವುದು ಎಣಿಸಿದ ನಿಮಿಷಗಳು. ಅಲ್ಲಿ ತೀರದ ಮಾತನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಶರೀಫರು 1819ರಲ್ಲಿ ಹುಟ್ಟಿದರು. ಪೇಶ್ವೆಯರ ಆಳ್ವಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷರ ಕೈಗೆ ಬಂದು ಆಗ ಒಂದೆರಡು ವರ್ಷವಾಗಿತ್ತು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರ ಷಾ ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗ ಎಂದು ಈಗಲೂ ಆ ಕಡೆಯವರು ಹೇಳುತ್ತಾರೆ. ಮನೆಯಲ್ಲಿ ಕುರಾನಿನ ಪರಿಚಯವಿತ್ತು. ಊರಿನಲ್ಲಿ ರಾಮಾಯಣ, ಮಹಾಭಾರತಗಳ ಓದು ಕಿವಿಗೆ ಬೀಳುತ್ತಿತ್ತು. ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರೆಂದು ಪರಂಪರೆಯ ಮಾತು. ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಮಾಸ್ತರರೂ ಆಗಿದ್ದರಂತೆ. ಅಂದರೆ ಬರಹ ಬಲ್ಲವರು, ಪಾಠ ಹೇಳಬಲ್ಲವರು, ತಿಂಗಳಿಗೆ ಸಂಬಳ ಎಣಿಸುತ್ತಿದ್ದವರು. ಅಂಥವರಿಗೂ ಮತ್ತೊಬ್ಬ ಗುರು ಬೇಕಾದದ್ದು ಏಕೆ?

ಆ ಗುರು ಕಳಸದ ಗೋವಿಂದ ಭಟ್ಟರು. ಕಳಸ ಈಗಿನ ಕುಂದಗೋಳ ತಾಲ್ಲೂಕಿನ ಹಳ್ಳಿ; ಶಿಶುನಾಳದಿಂದ ಎರೆಭೂಮಿಯ ಹೊಲಗಳ ನಡುವೆ ನಡೆದೇ ಹೋಗಬಹುದಾದ ದೂರ. ಭಟ್ಟರು ಬ್ರಾಹ್ಮಣರು, ಆದರೆ ಊರಿನ ಮಡಿ ಮೈಲಿಗೆಗಳಿಗೆ ಹೊಂದಿಕೊಂಡವರಲ್ಲ. ಯಾರ ಮನೆಗಾದರೂ ಹೋಗುತ್ತಿದ್ದರು, ಯಾರ ಪಕ್ಕದಲ್ಲಾದರೂ ಕೂರುತ್ತಿದ್ದರು. ಇಮಾಮ್ ಸಾಹೇಬರು ಮಗನನ್ನು ಅವರ ಬಳಿಗೆ ಕರೆತಂದಾಗ ಭಟ್ಟರು ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ: ನಿನ್ನ ಅಪ್ಪ ಯಾರು? ಅಪ್ಪ ಪಕ್ಕದಲ್ಲೇ ನಿಂತಿದ್ದಾರೆ. ಹುಡುಗ ಅವರತ್ತ ಬೆರಳು ತೋರಿಸಲಿಲ್ಲ. ನಿಮ್ಮಪ್ಪ ಯಾರೋ ಅವನೇ ನನ್ನಪ್ಪನೂ ಎಂಬ ಅರ್ಥದ ಉತ್ತರ ಕೊಟ್ಟ. ಇಂಥ ನೆಲದಲ್ಲಿ ಬೀಜ ಹುಸಿಹೋಗದು ಎಂದುಕೊಂಡು ಭಟ್ಟರು ಅವನನ್ನು ಹತ್ತಿರ ಕರೆದುಕೊಂಡರು.

ಈ ಕಥೆಗೆ ಹಲವು ಪಾಠಗಳಿವೆ. ಹೇಳುವವರು ತಮಗೆ ತೋಚಿದಂತೆ ಮಾತು ಸೇರಿಸುತ್ತಾರೆ. ಎಲ್ಲದರಲ್ಲೂ ತಿರುಳು ಮಾತ್ರ ಒಂದೇ. ‘ಅಪ್ಪ’ ಎಂಬ ಶಬ್ದ ಇಲ್ಲಿ ‘ಯಾರೂ’ ಎಂಬ ಶಬ್ದದ ಕೆಲಸವನ್ನೇ ಮಾಡುತ್ತಿದೆ. ಅದಕ್ಕೆ ಹೆತ್ತವನು ಎಂಬ ಅರ್ಥವೂ ಇದೆ, ಎಲ್ಲರಿಗೂ ಮೂಲವಾದವನು ಎಂಬ ಅರ್ಥವೂ ಇದೆ. ಕೇಳಿದವರು ಯಾವ ಅರ್ಥದಲ್ಲಿ ಕೇಳುತ್ತಿದ್ದಾರೆ ಎಂದು ಹುಡುಗ ಒಂದು ಕ್ಷಣ ತಡೆದು ನೋಡಿದ. ನಮ್ಮ ಜಗಳಗಳಲ್ಲಿ ಅರ್ಧಕ್ಕರ್ಧ ಈ ಒಂದು ಕ್ಷಣ ತಡೆಯದ್ದರಿಂದಲೇ ಹುಟ್ಟುತ್ತವೆ. ‘ಸ್ವಾತಂತ್ರ್ಯ’ ಬೇಕು ಎಂದು ಮಗ ಕೂಗುತ್ತಾನೆ, ‘ಸ್ವಾತಂತ್ರ್ಯ’ ಕೊಟ್ಟಿದ್ದೇವಲ್ಲ ಎಂದು ತಾಯಿ ಕೂಗುತ್ತಾಳೆ. ಇಬ್ಬರ ಬಾಯಲ್ಲೂ ಶಬ್ದ ಒಂದೇ, ಸರಕು ಬೇರೆ.

ಶರೀಫ ಮಾಸ್ತರರು ತಮ್ಮ ಶಾಲೆಯಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳುತ್ತಿದ್ದರಲ್ಲವೇ? ಆ ಪ್ರಶ್ನೆಗಳ ಉತ್ತರ ಕೇಳುವವರಿಗೆ ಮೊದಲೇ ಗೊತ್ತಿರುತ್ತದೆ. ನೀವು ಬರೆಯುವ ಪರೀಕ್ಷೆಗಳೂ ಹಾಗೆಯೇ. ಅದು ತಪ್ಪೆಂದು ನಾನು ಹೇಳುವುದಿಲ್ಲ. ವಿಜ್ಞಾನದ ಪದವಿಗಾಗಿ ನಾನೂ ಅಂಥ ಪ್ರಶ್ನೆಗಳಿಗೆ ಪುಟಗಟ್ಟಲೆ ಬರೆದವನೇ. ಅವಿಲ್ಲದಿದ್ದರೆ ಸೂತ್ರಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಭಟ್ಟರ ಪ್ರಶ್ನೆಗೆ ಹಿಂಬದಿಯ ಪುಟದಲ್ಲಿ ಉತ್ತರವಿಲ್ಲ. ಅದು ಕೇಳಿಸಿಕೊಂಡವನ ಒಳಗೆ ಹೋಗಿ, ಅಲ್ಲಿ ಏನಿದೆಯೋ ಅದನ್ನು ಹೊರಗೆ ತರುತ್ತದೆ.

ಹೀಗೆ ಹೊರಗೆ ತರುವುದಕ್ಕೆ ಗ್ರೀಸ್ ದೇಶದ ಸಾಕ್ರಟೀಸ್ ಬಳಸಿದ ಹೋಲಿಕೆ ನಮ್ಮ ಹಳ್ಳಿಯವರಿಗೂ ಕೂಡಲೇ ಅರ್ಥವಾಗುವಂಥದು. ಅವನ ತಾಯಿ ಸೂಲಗಿತ್ತಿ. ತಾನೂ ಅದೇ ಕಸುಬಿನವನು ಎಂದು ಅವನು ಹೇಳಿಕೊಂಡನೆಂದು ಪ್ಲೇಟೋ ತನ್ನ ‘ಥಿಯೇಟಿಟಸ್’ ಎಂಬ ಸಂವಾದದಲ್ಲಿ ಬರೆದಿದ್ದಾನೆ. ಸೂಲಗಿತ್ತಿ ಮಗುವನ್ನು ತನ್ನ ಮಡಿಲಿನಿಂದ ತಂದು ಕೊಡುವುದಿಲ್ಲ. ಬಸುರಿಯಿಂದಲೇ ಹೊರಗೆ ಬರಿಸುತ್ತಾಳೆ. ನಮ್ಮ ಉಪನಿಷತ್ತಿನಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಗುರುವೊಬ್ಬನಿದ್ದಾನೆ. ಛಾಂದೋಗ್ಯದ ಉದ್ದಾಲಕ, ವೇದ ಓದಿ ಬೀಗುತ್ತಿದ್ದ ಮಗ ಶ್ವೇತಕೇತುವಿಗೆ ಹದಿನೈದು ದಿನ ಊಟ ಬಿಡಿಸಿ, ಬರಿ ನೀರು ಕುಡಿಸಿ, ಈಗ ವೇದ ಹೇಳು ಎನ್ನುತ್ತಾನೆ. ಮಗನಿಗೆ ಒಂದೂ ನೆನಪಾಗುವುದಿಲ್ಲ. ಉಂಡ ಮೇಲೆ ಎಲ್ಲ ನೆನಪಾಗುತ್ತದೆ. ಮನಸ್ಸಿಗೂ ಅನ್ನಕ್ಕೂ ಇರುವ ನಂಟನ್ನು ಉಪನ್ಯಾಸ ಮಾಡಿ ಹೇಳುವ ಬದಲು ಅವನು ತೋರಿಸಿಬಿಟ್ಟ. ನೀರಿನಲ್ಲಿ ಉಪ್ಪು ಕರಗಿಸಿ, ಮೇಲಿನಿಂದ, ನಡುವಿನಿಂದ, ಕೆಳಗಿನಿಂದ ರುಚಿ ನೋಡಿಸಿದವನೂ ಅವನೇ. ಪ್ರಯೋಗಶಾಲೆಯ ಅಭ್ಯಾಸವಿರುವವರಿಗೆ ಆ ಭಾಗ ಓದುವಾಗ ತಮ್ಮ ಪೈಕಿಯವನೊಬ್ಬ ಸಿಕ್ಕ ಹಾಗಾಗುತ್ತದೆ.

ಮತ್ತೆ ಕಳಸಕ್ಕೆ ಬರೋಣ. ಗೋವಿಂದ ಭಟ್ಟರದೊಂದು ಗ್ರಂಥ ನಮಗೆ ಉಳಿದಿಲ್ಲ. ಮಠ, ಪೀಠ ಕಟ್ಟಿದವರೂ ಅವರಲ್ಲ. ಹಾಗಾದರೆ ಇತಿಹಾಸಕ್ಕೆ ಅವರು ತಿಳಿದದ್ದು ಹೇಗೆ? ಶಿಷ್ಯನ ಪದಗಳಿಂದ. ಶಿಶುನಾಳಧೀಶನ ಅಂಕಿತದಲ್ಲಿ ಹಾಡಿದ ಶರೀಫರು ಪದಗಳ ಉದ್ದಕ್ಕೂ ಗುರು ಗೋವಿಂದನ ಹೆಸರನ್ನು ಬಿಡದೆ ಹೇಳುತ್ತಾರೆ. ಸಾಕ್ರಟೀಸನೂ ಒಂದು ಸಾಲು ಬರೆದಿಟ್ಟವನಲ್ಲ. ಅವನನ್ನು ಕಾಣಬೇಕಾದರೆ ಪ್ಲೇಟೋನ ಕಿಟಕಿಯಿಂದಲೇ ಇಣುಕಬೇಕು. ಇಂಥ ಗುರುಗಳ ಚರಿತ್ರೆ ಬರೆಯುವವರಿಗೆ ಸಿಗುವ ದಾಖಲೆ ಒಂದೇ: ಅವರ ಕೈಯಲ್ಲಿ ಪಳಗಿದವರು ಆಮೇಲೆ ಹೇಗೆ ಯೋಚಿಸಿದರು ಎಂಬುದು.

ಈ ನಂಟಿಗೆ ಇಬ್ಬರೂ ಬೆಲೆ ತೆತ್ತರು. ಭಟ್ಟರು ಶರೀಫರ ಕೊರಳಿಗೆ ಜನಿವಾರ ಹಾಕಿದರೆಂಬ ಪ್ರಸಂಗ ಪ್ರಸಿದ್ಧ. ಅದನ್ನು ಕುರಿತು ಶರೀಫರದೇ ಹಾಡೂ ಇದೆ. ಮುಸಲ್ಮಾನನಿಗೆ ಜನಿವಾರವೇ ಎಂದು ಒಂದು ಕಡೆಯವರು ಸಿಡಿದರು, ನಮ್ಮವನು ಕೆಟ್ಟ ಎಂದು ಇನ್ನೊಂದು ಕಡೆಯವರು ಮುಖ ತಿರುಗಿಸಿದರು. ಇಲ್ಲಿ ಎರಡು ಸಂಗತಿ ನೋಡಬೇಕು. ಗುರು ಶಿಷ್ಯನ ಹೆಸರು ಬದಲಿಸಲಿಲ್ಲ. ಶರೀಫರು ಕೊನೆಯವರೆಗೂ ಶರೀಫರಾಗಿಯೇ ಇದ್ದರು. ಶಿಷ್ಯನೂ ಗುರುವಿನ ಜಾತಿಗೆ ಸೇರಿದೆನೆಂದು ಹೇಳಿಕೊಳ್ಳಲಿಲ್ಲ. ಹತ್ತಿಯ ಒಂದೆಳೆ ದಾರ ಯಾರನ್ನು ಯಾರಿಂದ ಬೇರೆ ಮಾಡುತ್ತದೆ ಎಂಬ ಪ್ರಶ್ನೆಯನ್ನು ಇಬ್ಬರೂ ಸೇರಿ ಊರಿನ ನಡುವೆ ನಿಲ್ಲಿಸಿದರು. ಉತ್ತರ ಹೇಳುವ ಹೊಣೆ ಊರಿನ ಮೇಲೆ ಬಿತ್ತು. ಊರಿಗೆ ಸಿಟ್ಟು ಬಂದದ್ದು ಸಹಜ.

ಮಾಸ್ತರಿಕೆಯನ್ನೂ ಶರೀಫರು ಬಿಟ್ಟರು. ವಿದ್ಯಾರ್ಥಿ ಮಿತ್ರರೇ, ಇದನ್ನು ಓದಿ ಯಾರೂ ನಾಳೆಯೇ ಕಾಲೇಜು ಬಿಡಬೇಕಾಗಿಲ್ಲ! ಕನಕದಾಸರು ದಂಡನಾಯಕತನ ಬಿಟ್ಟದ್ದಾಗಲಿ, ಶರೀಫರು ಸಂಬಳ ಬಿಟ್ಟದ್ದಾಗಲಿ ಅವರವರ ಒಳಗಿನ ಲೆಕ್ಕ. ನಮಗೆ ಕೆಲಸಕ್ಕೆ ಬರುವುದು ಅವರು ಆಮೇಲೆ ನೋಡಲು ಕಲಿತ ರೀತಿ.

ಆ ರೀತಿಗೆ ಒಂದು ಉದಾಹರಣೆ, ಸೋರುವ ಮಾಳಿಗೆಯ ಹಾಡು. ಹಂಚಿನ ಮನೆಗಳ ಸೀಮೆಯಲ್ಲಿ ಬೆಳೆದವರಿಗೆ ಈ ಹಾಡಿನ ಅರ್ಧ ರುಚಿ ತಪ್ಪಿಹೋಗುತ್ತದೆ. ಶಿಗ್ಗಾಂವಿಯಿಂದ ಉತ್ತರಕ್ಕೆ ಕುಂದಗೋಳದ ಕಡೆ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಹಾಸಿ, ಅದರ ಮೇಲೆ ಮಣ್ಣು ಬಡಿದು ಗಟ್ಟಿ ಮಾಡಿರುತ್ತಾರೆ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಹೊಸ ಮಣ್ಣು ಹಾಕದಿದ್ದರೆ ಸೋರದೆ ಬಿಡುವುದಿಲ್ಲ. ಹಾಗೆ ಸೋರುವಾಗ ಹನಿ ಬೀಳುವ ಜಾಗ ಒಂದು, ತೂತು ಇರುವ ಜಾಗ ಇನ್ನೊಂದು. ನೀರು ಒಂದು ಮೂಲೆಯಲ್ಲಿ ಒಳಗಿಳಿದು, ಜಂತಿಯನ್ನು ಹಿಡಿದುಕೊಂಡು ಬಂದು, ಮೂರು ಮೊಳ ಆಚೆ ತೊಟ್ಟಿಕ್ಕುತ್ತದೆ. ಕೆಳಗೆ ಪಾತ್ರೆ ಇಟ್ಟವನು ಹನಿಯನ್ನು ಹಿಡಿದಾನು, ತೂತು ಮುಚ್ಚಲಾರ. ಶರೀಫರ ಹಾಡಿನಲ್ಲಿ ಸೋರುವಿಕೆಗೆ ಕಾರಣ ಅಜ್ಞಾನ. ಹಾಡುವವನು ಕತ್ತಲಲ್ಲಿ ಮೇಲೇರಿ ಹೋಗಲಾರೆನೆಂದು ಒಪ್ಪಿಕೊಳ್ಳುತ್ತಾನೆ. ನಮ್ಮ ಸಿಟ್ಟು, ಹೊಟ್ಟೆಕಿಚ್ಚು, ಪರೀಕ್ಷೆಯ ಹೆದರಿಕೆ ಎಲ್ಲವೂ ಹನಿ ಬೀಳುವ ಜಾಗಗಳು. ತೂತು ಎಲ್ಲಿದೆ ಎಂದು ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋಗುವಾಗ ಕೆಳಗೆ ನಿಂತು ದೀಪ ಹಿಡಿಯುವವನೊಬ್ಬ ಬೇಕು. ಗೋವಿಂದ ಭಟ್ಟರು ಶರೀಫರಿಗೆ ಮಾಡಿದ ಉಪಕಾರ ಇಷ್ಟೇ ಎಂದು ನನ್ನ ಅಂದಾಜು. ಮೇಲೆ ಹತ್ತಿದ್ದು ಶರೀಫರೇ.

ತಂಬೂರಿ, ಗಿರಣಿ, ಗಂಡನ ಮನೆಗೆ ಹೊರಟು ಅಳುವ ತಂಗಿ, ಬಿದ್ದೀಯೆಂದು ಎಚ್ಚರಿಸಿಕೊಳ್ಳುವ ಮುದುಕಿ, ಹೀಗೆ ಅವರ ಪದಗಳಲ್ಲಿ ಬರುವುದೆಲ್ಲ ಕಣ್ಣೆದುರಿನ ಸಾಮಾನು, ಕಣ್ಣೆದುರಿನ ಜನ. ಗಿರಣಿಯ ಹಾಡನ್ನು ಇತಿಹಾಸದ ವಿದ್ಯಾರ್ಥಿಗಳು ಬೇರೆಯಾಗಿಯೇ ಗಮನಿಸಬೇಕು. ಯಂತ್ರಯುಗ ನಮ್ಮ ಕಡೆಗೆ ಕಾಲಿಡುತ್ತಿದ್ದ ಹೊತ್ತಿನಲ್ಲಿ ಹಳ್ಳಿಯ ತತ್ವಪದಕಾರನೊಬ್ಬ ಅದನ್ನು ಬೈಯಲೂ ಇಲ್ಲ, ಹೊಗಳಿ ಬೆರಗಾಗಿ ನಿಲ್ಲಲೂ ಇಲ್ಲ. ಚಕ್ರ ಚಕ್ರವಾಗಿ ಬಿಡಿಸಿ ನೋಡಿ, ಅದರಲ್ಲಿ ಮನುಷ್ಯದೇಹದ ಕಾರಖಾನೆಯನ್ನು ಕಂಡ.

ಶರೀಫರ ಬಾಳು ಹಾಡಿನಷ್ಟು ಹಗುರವಾಗಿರಲಿಲ್ಲ. ಕುಂದಗೋಳದ ಫಾತಿಮಾ ಅವರ ಹೆಂಡತಿ. ಒಂದು ಹೆಣ್ಣು ಮಗುವಾಗಿ, ತಾಯಿ ಮಗು ಇಬ್ಬರೂ ತೀರಿಕೊಂಡರು. ಹೆಂಡತಿ ಹೋದ ಮೇಲೆ ಮಾವನ ಮನೆಯ ನಂಟು ಏನು ಉಳಿಯಿತು ಎಂದು ಕೇಳುವ ಅವರ ಹಾಡೊಂದಿದೆ. ಅದನ್ನು ಸಂಸಾರದ ಮೋಹ ಬಿಟ್ಟವನ ತತ್ವವೆಂದು ಪಂಡಿತರು ಬಿಡಿಸುತ್ತಾರೆ. ನನಗೆ ಮಾತ್ರ ಅದರಲ್ಲಿ ಹೆಂಡತಿ ಸತ್ತ ಗಂಡಸಿನ ದನಿಯೂ ಕೇಳುತ್ತದೆ. ಎರಡೂ ಅರ್ಥ ಒಟ್ಟಿಗೆ ನಿಲ್ಲಬಹುದು.

ದುಃಖದಲ್ಲಿರುವವರಿಗೆ ಪ್ರಶ್ನೆ ಹಾಕುವುದು ಸರಿಯೇ ಎಂದು ನೀವು ಕೇಳಬಹುದು. ಕನ್ನಡದಲ್ಲಿ ಇದಕ್ಕೊಂದು ಹಳೆಯ ಮೇಲ್ಪಂಕ್ತಿ ಇದೆ. ಹಿರೇಕೆರೂರಿಗೆ ನೆರೆಯದಾದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಮೊದಲು ಸಂಕಲಿಸಿದ ‘ಶೂನ್ಯಸಂಪಾದನೆ’ಯಲ್ಲಿ ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಅಳುತ್ತಿರುವ ಮುಕ್ತಾಯಕ್ಕನ ಬಳಿಗೆ ಅಲ್ಲಮ ಬರುತ್ತಾನೆ. ಸಮಾಧಾನದ ಮಾತಾಡುವುದಿಲ್ಲ, ಕೇಳುತ್ತಾನೆ. ಅಣ್ಣನೇ ಅವಳಿಗೆ ಗುರುವಾಗಿದ್ದವನು. ಅವಳು ಸುಲಭಕ್ಕೆ ಒಪ್ಪುವವಳಲ್ಲ. ಅಲ್ಲಮನಂಥವನ ಮಾತಿಗೂ ಎದುರು ಮಾತು ಇಡುತ್ತಾಳೆ. ಇಬ್ಬರ ನಡುವೆ ಮಾತು ಹೋಗುತ್ತದೆ, ಬರುತ್ತದೆ. ಆ ಪುಸ್ತಕವನ್ನು ಕಟ್ಟಿದವರು ಶಿಷ್ಯೆಯ ಎದುರುತ್ತರವನ್ನು ಅಳಿಸಿಹಾಕದೆ ಉಳಿಸಿದ್ದಾರಲ್ಲ, ಅದು ದೊಡ್ಡದು. ಗುರುವಿನ ಮಾತು ಮಾತ್ರ ಇದ್ದು ಶಿಷ್ಯರ ಸಂಶಯ ಇಲ್ಲದ ಪುಸ್ತಕಗಳು ನಿಮಗೆ ಬೇಕಾದಷ್ಟು ಸಿಗುತ್ತವೆ. ಅವುಗಳನ್ನು ಓದುವಾಗ ಒಂದು ಕಣ್ಣು ತೆರೆದಿರಲಿ.

ದೂರದರ್ಶನದಲ್ಲಿ ಕೆಲಸ ಮಾಡುವವನಾಗಿ ಇಲ್ಲೊಂದು ಮಾತು ಹೇಳಬೇಕು. ಉತ್ತರ ಹೇಳುವ ಮುಖವನ್ನು ತೋರಿಸುವುದು ನಮಗೆ ಬಹಳ ಸುಲಭ. ಪ್ರಶ್ನೆ ಕೇಳಿಸಿಕೊಂಡು ಸುಮ್ಮನೆ ಯೋಚಿಸುವ ಮುಖವನ್ನು ಅರ್ಧ ನಿಮಿಷ ತೋರಿಸಿದರೆ, ಟಿ.ವಿ. ಕೆಟ್ಟಿತೇನೋ ಎಂದು ನೋಡುವವರು ಚಾನೆಲ್ ಬದಲಿಸಿಬಿಡುತ್ತಾರೆ. ಅದಕ್ಕೇ ಪರದೆಯ ಮೇಲೆ ಕಾಣುವ ಗುರುಗಳೆಲ್ಲ ಗಳಿಗೆಗೊಂದು ಉತ್ತರ ಕೊಡುವವರೇ.

ಪ್ರಶ್ನೆಯೊಂದೇ ಗುರುವಿನ ದಾರಿ ಎಂದೂ ತಿಳಿಯಬೇಡಿ. ಇದೇ ಸೀಮೆಯ ಹಾನಗಲ್ಲಿನ ವಿರಕ್ತಮಠದ ಕುಮಾರಸ್ವಾಮಿಗಳು (1867–1930) ಬೇರೆ ಬಗೆಯವರು. ಅವರು ಸಂಸ್ಥೆಗಳನ್ನು ಕಟ್ಟಿದವರು. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರ ಸ್ಥಾಪಿಸಿದರು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಇಬ್ಬರು ಕುರುಡ ಹುಡುಗರು, ಅಣ್ಣತಮ್ಮಂದಿರು, ಅವರ ಕಣ್ಣಿಗೆ ಬಿದ್ದರು. ಆ ಕಾಲದ ಹಳ್ಳಿಯಲ್ಲಿ ಕುರುಡ ಮಗುವಿನ ಮುಂದೆ ಇದ್ದ ದಾರಿ ಭಿಕ್ಷೆಯದು. ಸ್ವಾಮಿಗಳು ಹುಡುಗರ ಕಂಠವನ್ನು ಗುರುತಿಸಿ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಅವರಲ್ಲೊಬ್ಬರು ಕರ್ನಾಟಕ, ಹಿಂದೂಸ್ತಾನಿ ಎರಡರಲ್ಲೂ ಪಾರಂಗತರಾದ ಪಂಚಾಕ್ಷರಿ ಗವಾಯಿಗಳು (1892–1944). ಗದಗಿನಲ್ಲಿ ಅವರು ಕಟ್ಟಿದ ವೀರೇಶ್ವರ ಪುಣ್ಯಾಶ್ರಮವನ್ನು ಮುಂದೆ ಬೆಳೆಸಿದ ಪುಟ್ಟರಾಜ ಗವಾಯಿಗಳೂ (1914–2010) ಹಾನಗಲ್ ತಾಲ್ಲೂಕಿನವರೇ, ಕಣ್ಣಿಲ್ಲದವರೇ. ನೀನು ಯಾರು ಎಂದು ಹುಡುಗನೇ ಕಂಡುಕೊಳ್ಳುವಂತೆ ಭಟ್ಟರು ಮಾಡಿದರು. ಹುಡುಗನಿಗೆ ಕಾಣುವ ಮೊದಲೇ ಕುಮಾರಸ್ವಾಮಿಗಳು ಕಂಡರು. ಯಾವುದು ಮೇಲು ಎಂಬ ಪಂದ್ಯ ಬೇಡ. ಎರಡರಲ್ಲೂ ಗುರುವಿನ ನೋಟ ಎದುರಿಗಿದ್ದ ಒಬ್ಬ ಮನುಷ್ಯನ ಮೇಲೆ ಪೂರ್ತಿಯಾಗಿ ನೆಟ್ಟಿತ್ತು. ಸಾವಿರ ಜನರನ್ನು ಒಟ್ಟಿಗೆ ಕೂರಿಸಿಕೊಂಡು ಹೀಗೆ ನೋಡಲಾಗುವುದಿಲ್ಲ.

ಗೋವಿಂದ ಭಟ್ಟರು ಶಿಷ್ಯನಿಗಿಂತ ಮೊದಲೇ ತೀರಿಕೊಂಡರು. ಅವರನ್ನು ಕಳೆದುಕೊಂಡ ಸಂಕಟವನ್ನೂ ಶರೀಫರು ಹಾಡಾಗಿಸಿದರು. ಗುರುವಿನ ಹೆಸರಿನಲ್ಲಿ ಪೀಠ ಮಾಡಿ ಕೂರಲಿಲ್ಲ. ನವಲಗುಂದದ ನಾಗಲಿಂಗಸ್ವಾಮಿಗಳು, ಗರಗದ ಮಡಿವಾಳಪ್ಪನವರು ಮೊದಲಾದ ಸಮಕಾಲೀನರೊಂದಿಗೆ ಒಡನಾಡುತ್ತ, ಭಜನೆಯ ಮೇಳಗಳಲ್ಲಿ ಹೊಸ ಹೊಸ ಪದ ಕಟ್ಟುತ್ತ ಉಳಿದ ಬಾಳನ್ನು ಕಳೆದರು. 1889ರಲ್ಲಿ ಅವರು ತೀರಿಕೊಂಡಾಗ ಎರಡೂ ಧರ್ಮದವರು ತಂತಮ್ಮ ರೀತಿಯಲ್ಲಿ ಅಂತ್ಯಕ್ರಿಯೆ ನಡೆಸಿದರೆಂದು ಹೇಳುತ್ತಾರೆ. ಶಿಶುನಾಳದ ಗದ್ದುಗೆಗೆ ಇಂದಿಗೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ.

ಪದಗಳು ಬಹುಕಾಲ ಬಾಯಿಂದ ಬಾಯಿಗೆ ಬಂದವು. ಸಿ. ಅಶ್ವತ್ಥ್ ಅವರ ರಾಗಸಂಯೋಜನೆ ಅವುಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿತು. 1990ರಲ್ಲಿ ಟಿ. ಎಸ್. ನಾಗಾಭರಣ ‘ಸಂತ ಶಿಶುನಾಳ ಷರೀಫ’ ಚಿತ್ರ ಮಾಡಿದಾಗ ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡರು ಅಭಿನಯಿಸಿದರು. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಸಿಕ್ಕರೆ ನೋಡಿ.

ಅದಕ್ಕೂ ಮೊದಲು, ಕೋಳಿಯೊಂದು ಕೋಡಗವನ್ನು ನುಂಗುವ ಹಾಡನ್ನು ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಕೇಳಿ. ಚಿಕ್ಕದು ದೊಡ್ಡದನ್ನು ನುಂಗುತ್ತದೆ, ಬಳಿಸಿಕೊಂಡ ಗೋಡೆ ತನ್ನ ಮೇಲಿನ ಸುಣ್ಣವನ್ನೇ ನುಂಗುತ್ತದೆ. ಕೋಡಗವೆಂದರೆ ಚಂಚಲವಾದ ಮನಸ್ಸು ಎಂದು ಹಲವರು ಅರ್ಥ ಹೇಳುತ್ತಾರೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಹಾಗಾದರೆ ಆ ಕೋಳಿ ಯಾವುದು? ಗೋಡೆ ಯಾವುದು, ಸುಣ್ಣ ಯಾವುದು?